ಮಾರಮ್ಮನ ಹೆಬ್ಬೆಟ್ಟು

ಭಾನುವಾರ ಮಧ್ಯಾಹ್ನ ಮುದ್ದೆ ಉಂಡು ಕೈ ತೊಳೆದ ಮೇಲೆ ದ್ಯಾವಯ್ಯನ ಮನೆಯಿಂದ ಬೆಂಗಳೂರಿಗೆ ಒಂದು ಕಾರ್ಡು ಹೋಗುತ್ತಿತ್ತು. ಹೇಳಿ ಬರೆಸುವವಳು ಅವನ ಹೆಂಡತಿ ಮಾರಮ್ಮ. ಬರೆಯುವವಳು ಮಗಳು ಸುಬ್ಬಮ್ಮ, ಹೊಳೆನರಸೀಪುರದ ಮಿಡ್ಲ್ ಸ್ಕೂಲಿನಲ್ಲಿ ಏಳನೆಯ ಕ್ಲಾಸು ಮುಗಿಸಿ ಮದುವೆಗೆ ಕಾದಿದ್ದವಳು. ಕೊನೆಯಲ್ಲಿ ಹೆಬ್ಬೆಟ್ಟು ಒತ್ತುವವಳು ಸೊಸೆ ಲಕ್ಷ್ಮಿದೇವಮ್ಮ. ಮನೆಯವರಿಗೆಲ್ಲ ಅವಳು ದೇವಮ್ಮ. ಕಾರ್ಡನ್ನು ರೈಲ್ವೆ ಸ್ಟೇಷನ್ನಿನ ಟಪಾಲು ಡಬ್ಬಿಗೆ ಹಾಕಿ ಬರುವುದಷ್ಟೇ ದ್ಯಾವಯ್ಯನ ಪಾಲಿನ ಕೆಲಸ. ಇಷ್ಟು ಜನ ಸೇರಿ ಕಳಿಸಿದರೂ ಅದರಲ್ಲಿರುತ್ತಿದ್ದ ಸಮಾಚಾರ ಒಂದೇ: ಇಲ್ಲಿ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು.

ಹೆಬ್ಬೆಟ್ಟಿನ ಏರ್ಪಾಡು ಮಗ ಚಲುವಯ್ಯ ಮಾಡಿಟ್ಟು ಹೋದದ್ದು. ಹಾಸನದಲ್ಲಿ ಪೊಲೀಸು ಕಾನ್‌ಸ್ಟೇಬಲ್ ಆಗಿ ಸೇರಿದ ಅವನನ್ನು, ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ಕಣ್ಣು ಚುರುಕಾಗಿದೆ ಎಂದು ಬೆಂಗಳೂರಿನ ಫಿಂಗರ್‌ಪ್ರಿಂಟ್ ಬ್ಯೂರೋಗೆ ಹಾಕಿದ್ದರು. ಕಳ್ಳರ ಬೆರಳಿನ ಗುರುತನ್ನು ಹೋಲಿಸಿ ನೋಡುವ ಕಚೇರಿ ಅದು. ಮದುವೆಯಾದ ಹೊಸದರಲ್ಲಿ ರಜೆಗೆ ಬಂದಾಗ ಹೆಂಡತಿಯನ್ನು ಜಗಲಿಯ ಮೇಲೆ ಕೂರಿಸಿ, ಅವಳ ಹತ್ತು ಬೆರಳಿಗೂ ಕಪ್ಪು ಹಚ್ಚಿ ಕಾಗದದ ಮೇಲೆ ಹೊರಳಿಸಿ, ಭೂತಗನ್ನಡಿಯಲ್ಲಿ ತೋರಿಸಿದ್ದ.

"ನೋಡು, ನಿನ್ನ ಎಡಗೈ ಎಬ್ಬೆಟ್ಟಲ್ಲಿ ಸುಳಿ ಐತೆ. ಆ ಸುಳಿ ವಳಗೆ ಒಂದು ಗೆರೆ ಕವಲೊಡೆದು ಮತ್ತೆ ಸೇರ್ಕತದೆ. ಇಂತದ್ದು ಈ ಭೂಮೀಲಿ ಇನ್ನೊಬ್ರಿಗೆ ಇಲ್ಲ. ಅಕ್ಸರ ಸುಬ್ಬಿದಾದ್ರೂ ಕಾಗ್ದ ನಿಂದು ಅಂತ ನಂಗೆ ಗೊತ್ತಾಯ್ತದೆ."

ಅರಕಲಗೂಡಿನ ಕೇರಿಯಲ್ಲಿ ನಾಲ್ಕು ಹೆಣ್ಣುಮಕ್ಕಳ ಪೈಕಿ ಕೊನೆಯವಳಾಗಿ, ಅಕ್ಕಂದಿರು ಉಟ್ಟು ಬಿಟ್ಟದ್ದನ್ನು ಉಟ್ಟು ಬೆಳೆದ ದೇವಮ್ಮನಿಗೆ, ಬೇರೆ ಯಾರ ಬಳಿಯೂ ಇಲ್ಲದ ಒಂದು ವಸ್ತು ನಿನ್ನ ಬಳಿ ಇದೆ ಎಂದು ಹೇಳಿದವನು ಅವನೊಬ್ಬನೇ. ಅಂದಿನಿಂದ ಅವಳಿಗೆ ತನ್ನ ಎಡಗೈ ಹೆಬ್ಬೆಟ್ಟಿನ ಮೇಲೆ ಮಮತೆ ಹುಟ್ಟಿತು. ಸೊಪ್ಪು ಸೋಸುವಾಗ, ಪಾತ್ರೆ ತಿಕ್ಕುವಾಗ ಅದನ್ನು ಸ್ವಲ್ಪ ಕಾಪಾಡಿಕೊಳ್ಳುತ್ತಿದ್ದಳು. ಅವನು ಕೊಟ್ಟ ಕಪ್ಪಿನ ಡಬ್ಬಿಯನ್ನು ಬೆಲ್ಲದ ಗಡಿಗೆಯ ಹಿಂದೆ ಇಟ್ಟುಕೊಂಡಿದ್ದಳು.

ಬ್ಯೂರೋದಲ್ಲಿ ಕೂತ ಮಾತ್ರಕ್ಕೆ ಕೆಲಸ ಗಟ್ಟಿಯಾಗಲಿಲ್ಲ. ಕೋರ್ಟಿನಲ್ಲಿ ನಿಂತು ಈ ಬೆರಳು ಇವನದೇ ಎಂದು ಹೇಳುವ ಅಧಿಕಾರ ಬರಬೇಕಾದರೆ ಎಕ್ಸ್‌ಪರ್ಟು ಪರೀಕ್ಷೆ ಪಾಸಾಗಬೇಕು. ಅದಕ್ಕೆ ಕೂರಬೇಕಾದರೂ ಮೂರು ವರ್ಷ ಭೂತಗನ್ನಡಿ ಹಿಡಿದು ಕಣ್ಣು ಸವೆಸಿರಬೇಕು, ಮೇಲಿನವರು ಇವನಿಗೆ ಕೆಲಸ ಬರುತ್ತದೆ ಎಂದು ಬರೆದುಕೊಡಬೇಕು, ಆಮೇಲೆ ಕಲ್ಕತ್ತೆಯವರೆಗೆ ರೈಲಿನಲ್ಲಿ ಹೋಗಿ ಬೋರ್ಡಿನ ಮುಂದೆ ಹಾಜರಾಗಬೇಕು. ಇಂಗ್ಲಿಷಿನಲ್ಲಿ ಬರೆಯುವುದು ಒಂದು ದಿನ. ರಾಶಿ ಬೆರಳ ಗುರುತು ಮುಂದೆ ಸುರಿದು ಯಾವುದಕ್ಕೆ ಯಾವುದು ಜೋಡಿ ಹೇಳು ಎನ್ನುವುದು ಇನ್ನೊಂದು ದಿನ. ಕಡೆಯಲ್ಲಿ ಬಾಯಿಮಾತಿನ ಪರೀಕ್ಷೆ. ದ್ಯಾವಯ್ಯನ ಕೇರಿಯಿಂದ ಕೋರ್ಟಿಗೆ ಹೋದವರು ಬೇಕಾದಷ್ಟು ಜನ ಇದ್ದರು, ಎಲ್ಲರೂ ಕೈಕಟ್ಟಿ ನಿಂತು ಬಂದವರು. ಅಲ್ಲಿ ನಿಂತು ಮಾತಾಡಿ, ಆ ಮಾತನ್ನು ಜಡ್ಜಿ ಬರೆದುಕೊಂಡ ಒಬ್ಬನೇ ಒಬ್ಬನೂ ಇರಲಿಲ್ಲ. ಮಾರಮ್ಮನಿಗೆ ಪರೀಕ್ಷೆ ಎಂದರೆ ಏನೆಂದು ಗೊತ್ತಿರಲಿಲ್ಲ, ಇದೊಂದು ಚೆನ್ನಾಗಿ ಗೊತ್ತಿತ್ತು.

ಹಿಂದಿನ ವರ್ಷ, ಅರವತ್ತನೆಯ ಇಸವಿಯಲ್ಲಿ, ಚಲುವಯ್ಯ ಕಲ್ಕತ್ತೆಗೆ ಹೊರಡಲು ನಾಲ್ಕು ದಿನವಿದ್ದಾಗ ಐದು ತಿಂಗಳ ಬಸುರಿ ದೇವಮ್ಮನಿಗೆ ಗರ್ಭ ಇಳಿಯಿತು. ಸುಬ್ಬಮ್ಮ ಗಾಬರಿಯಲ್ಲಿ ಕಾರ್ಡು ಬರೆದಳು, ಅವನು ಸಿಕ್ಕ ರೈಲು ಹತ್ತಿ ಬಂದುಬಿಟ್ಟ. ವಾರ ಹೆಂಡತಿಯ ಪಕ್ಕದಲ್ಲಿ ಕೂತ. ಪರೀಕ್ಷೆ ಅವನಿಲ್ಲದೆ ನಡೆಯಿತು. ಹಿಂದಿರುಗಿದಾಗ ಮೇಲಿನ ಅಧಿಕಾರಿ, ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಹಾಸನದ ಬೀಟಿಗೇ ವಾಪಸು ಎಂದರು. ಮಾರಮ್ಮ ಅಂದಿನಿಂದ ಸೊಸೆಯನ್ನು ಬಯ್ಯಲಿಲ್ಲ, ಆದರೆ ಮುದ್ದೆ ಬಡಿಸುವಾಗ ಅವಳ ಮುಖ ನೋಡುವುದನ್ನು ಬಿಟ್ಟಳು. ಬೈಗುಳವಾದರೂ ಉತ್ತರಕ್ಕೆ ಜಾಗ ಕೊಡುತ್ತದೆ.

ಅರವತ್ತೊಂದರ ಶ್ರಾವಣದಲ್ಲಿ ದೇವಮ್ಮನಿಗೆ ಜ್ವರ ಹಿಡಿಯಿತು. ಹಗಲೆಲ್ಲ ಓಡಾಡಿಕೊಂಡಿದ್ದು ದೀಪ ಹಚ್ಚುವ ಹೊತ್ತಿಗೆ ನಡುಗುವಳು. ಮಾರಮ್ಮ ಕೆಟ್ಟವಳಲ್ಲ. ಅಮೃತಬಳ್ಳಿ ತಂದು ಕಷಾಯ ಕಾಯಿಸಿ ಕುಡಿಸಿದಳು, ಗಂಜಿ ಮಾಡಿಕೊಟ್ಟಳು, ರಾಗಿ ಬೀಸಬೇಡ ಎಂದಳು. ಎಂಟು ದಿನವಾದರೂ ಜ್ವರ ಬಿಡಲಿಲ್ಲ. ಭಾನುವಾರ ಬಂತು. ಸುಬ್ಬಮ್ಮ ಕಾರ್ಡು ತೆಗೆದು ಎಂದಿನಂತೆ ನಾವೆಲ್ಲ ಕ್ಷೇಮ ಎಂದು ಬರೆದು ಮುಗಿಸಿದಳು.

"ನಂಗೆ ಜ್ವರ ಅಂತ ಬರಿ ಸುಬ್ಬಿ. ಒಂದ್ ಕಿತ ಬಂದು ಓಗು ಅಂತ ಬರಿ," ಎಂದಳು ದೇವಮ್ಮ.

ಮಾರಮ್ಮ ಮಗಳ ಕೈ ಹಿಡಿದಳು. "ಬರೀಬೇಡ. ಓದ ವರ್ಸ ಬರ್ದಿದ್ದು ಸಾಲ್ದಾ? ಇನ್ನೆರಡು ತಿಂಗ್ಳಲ್ಲಿ ಪರೀಕ್ಸೆ ಐತೆ. ಜ್ವರ ಬಂದೋರೆಲ್ಲ ಗಂಡನ್ನ ಕರೆಸ್ಕತಾರಾ?"

"ನಾ ಕ್ಸೇಮ ಅಂತ ಬರ್ದಿರೋ ಕಾಗ್ದಕ್ಕೆ ನಾನು ಎಬ್ಬೆಟ್ಟು ಒತ್ತಲ್ಲ ಅತ್ತೆ."

"ಒತ್ತದಿದ್ರೆ ಈ ಮನೇಲಿ ನಿಂಗೇನು ಕೆಲ್ಸ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೇವಮ್ಮ ಯಾರಾದರೂ ಒಂದು ಮಾತು ಆಡುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತಳು. ದ್ಯಾವಯ್ಯ ಒಲೆಯ ಕಡೆ ನೋಡಿದ, ಸುಬ್ಬಮ್ಮ ಪೆನ್ನಿನ ಕಡೆ ನೋಡಿದಳು. ಮರುದಿನ ಬೆಳಗ್ಗೆ ದೇವಮ್ಮ ಎರಡು ಸೀರೆ ಗಂಟು ಕಟ್ಟಿಕೊಂಡು ಅರಕಲಗೂಡಿನ ಬಸ್ಸು ಹತ್ತಿದಳು. ಮಾರಮ್ಮ ಹೋಗು ಎನ್ನಲಿಲ್ಲ, ಹೋಗಬೇಡ ಎನ್ನಲೂ ಇಲ್ಲ. ಎರಡು ದಿನದಲ್ಲಿ ತಾನಾಗಿ ಬರುತ್ತಾಳೆ ಎಂದುಕೊಂಡಳು.

ಕಾರ್ಡು ಮಾತ್ರ ಹೆಬ್ಬೆಟ್ಟಿಲ್ಲದೆ ಗೂಡಿನಲ್ಲಿ ಉಳಿಯಿತು. ಹಾಗೇ ಕಳಿಸಿದರೆ ಮಗನಿಗೆ ಅನುಮಾನ ಬರುತ್ತದೆ. ಅನುಮಾನ ಬಂದರೆ ರೈಲು ಹತ್ತುತ್ತಾನೆ, ಹತ್ತಿದ್ದನ್ನು ಹೋದ ವರ್ಷವೇ ನೋಡಿದ್ದಾಗಿತ್ತು. ಮಾರಮ್ಮ ಬೆಲ್ಲದ ಗಡಿಗೆಯ ಹಿಂದಿನಿಂದ ಕಪ್ಪಿನ ಡಬ್ಬಿ ತೆಗೆದಳು. ತನ್ನ ಎಡಗೈ ಹೆಬ್ಬೆಟ್ಟನ್ನು ಸೆರಗಿನಲ್ಲಿ ಚೆನ್ನಾಗಿ ಒರೆಸಿ, ಕಪ್ಪು ತಗುಲಿಸಿ, ಸೊಸೆಯ ಬೆರಳು ಬೀಳುತ್ತಿದ್ದ ಜಾಗದಲ್ಲೇ ಒತ್ತಿದಳು.

ಅಣ್ಣನಿಗೆ ಗೊತ್ತಾಗುತ್ತದೆ, ಅವನು ಕಲಿಯುತ್ತಿರುವುದೇ ಅದು ಎಂದು ಸುಬ್ಬಮ್ಮ ಹೇಳಿ ನೋಡಿದಳು. ಮಾರಮ್ಮ ಅದನ್ನೆಲ್ಲ ಮೊದಲೇ ಯೋಚಿಸಿ ಮುಗಿಸಿದ್ದಳು.

"ಕಳ್ಳರ ಬೆಟ್ಟು ಬ್ಯಾರೆ ಇರ್ತದೆ ಕಣೆ, ಅದಕ್ಕೇ ಸರ್ಕಾರ ಅವನ್ನ ಓದುಸ್ತಾ ಇರೋದು. ಒಂದೇ ಒಲೆ ಇಟ್ಟು ಉಂಡೋರು ನಾವು, ನಮ್ದು ಯಾಕೆ ಬ್ಯಾರೆ ಇದ್ದಾತು? ಮೂರು ವರ್ಸದಿಂದ ಇಬ್ರೂ ಒಂದೇ ಬೀಸೋಕಲ್ಲು ತಿರುವ್ತಾ ಇಲ್ವಾ?"

ಸುಬ್ಬಮ್ಮ ಮತ್ತೆ ವಾದಿಸಲಿಲ್ಲ. ಅದಕ್ಕೊಂದು ಕಾರಣವಿತ್ತು. ಚನ್ನರಾಯಪಟ್ಟಣದಲ್ಲಿ ತಾಲ್ಲೂಕು ಕಚೇರಿಯ ಜವಾನ ಪುಟ್ಟರಾಜು ಎಂಬ ಗಂಡು ಒಂದು ಗೊತ್ತಾಗುವ ಹಾಗಿತ್ತು. ಆ ಮನೆಯವರು ನಿಮ್ಮ ಹುಡುಗನ ಪರೀಕ್ಷೆ ಏನಾಗುತ್ತದೋ ನೋಡಿಕೊಂಡು ಬರುತ್ತೇವೆ ಎಂದು ಹೇಳಿ ಹೋಗಿದ್ದರು. ಸುಬ್ಬಮ್ಮನಿಗೂ ಅಣ್ಣ ಪಾಸಾಗುವುದು ಬೇಕಿತ್ತು. ಅವಳು ಕಾರ್ಡಿನ ಮೇಲೆ ಊದಿ ಕಪ್ಪು ಒಣಗಿಸಿ ಅಪ್ಪನ ಕೈಗೆ ಕೊಟ್ಟಳು.

ದೇವಮ್ಮನ ಅಣ್ಣ ಪಾಪಯ್ಯನ ಮನೆ ಅರಕಲಗೂಡಿನ ಕೇರಿಯ ಕೊನೆಯಲ್ಲಿತ್ತು. ಜ್ವರ ಮೂರು ದಿನದಲ್ಲಿ ತಾನಾಗಿ ಬಿಟ್ಟಿತು. ಜ್ವರಕ್ಕೂ ಮಾನ ಮರ್ಯಾದೆ ಇಲ್ಲ. ಆಲೂಗೆಡ್ಡೆ ಕೀಳುವ ಕಾಲ. ದೇವಮ್ಮ ಅತ್ತಿಗೆ ಮಾಯಮ್ಮನ ಜೊತೆಯಲ್ಲಿ ಕೂಲಿಗೆ ಹೋದಳು, ಹಸಿ ಮಣ್ಣಿನಲ್ಲಿ ಬಗ್ಗಿ ಗೆಡ್ಡೆ ಆಯ್ದಳು. ಬಂದ ಕಾರಣವನ್ನು ಅಣ್ಣ ಕೇಳಲಿಲ್ಲ. ಮಾಯಮ್ಮ ಕೇಳಿದಳು, ಎಷ್ಟು ದಿನ ಎಂದೂ ಕೇಳಿದಳು. ಒಂದು ವಾರ ಅಷ್ಟೆ, ಅವನು ಬಂದು ಕರಕೊಂಡು ಹೋಗುತ್ತಾನೆ ಎಂದು ದೇವಮ್ಮ ಹೇಳಿದಳು.

ವಾರದ ಕೊನೆಗೆ ಬಂದವನು ಮಾವ. ದ್ಯಾವಯ್ಯ ಲೋಕೋಪಯೋಗಿ ಇಲಾಖೆಯ ರಸ್ತೆ ಗ್ಯಾಂಗಿನಲ್ಲಿದ್ದ. ಅರಕಲಗೂಡಿನ ಕಡೆಯ ರಸ್ತೆಗೆ ಜಲ್ಲಿ ಹಾಸುವ ಕೆಲಸ ಬಿದ್ದಾಗ ಮಧ್ಯಾಹ್ನದ ಬಿಡುವಿನಲ್ಲಿ ನಡೆದು ಬಂದು ಜಗಲಿಯ ಮೇಲೆ ಕೂತ. ಟವಲಿನಲ್ಲಿ ಕಡ್ಲೆಪುರಿ ಕಟ್ಟಿ ತಂದಿದ್ದ. ಬಾ ಎಂದು ಕರೆಯುವ ಧೈರ್ಯ ಅವನಿಗಿರಲಿಲ್ಲ, ಮನೆ ಅವನದಾದರೂ ಮಾತು ಮಾರಮ್ಮನದು. ಜ್ವರ ಬಿಟ್ಟಿತೇ ಎಂದು ಕೇಳಿದ. ಆಮೇಲೆ ನೆಲ ನೋಡುತ್ತಾ ಹೇಳಿದ.

"ಕಾರ್ಡು ಓಯ್ತು ಕಣವ್ವ. ನಿಮ್ಮತ್ತೆ ಅವಳ ಎಬ್ಬೆಟ್ಟು ಒತ್ತಿ ಕಳ್ಸವ್ಳೆ."

ದೇವಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಅತ್ತೆಯೇ ಕೈಯಾರೆ ಗಂಡನನ್ನು ಕರೆಸುತ್ತಿದ್ದಾಳೆ, ಪಾಪ ಅವಳಿಗೇ ಗೊತ್ತಿಲ್ಲ. ಕಾರ್ಡು ಬುಧವಾರ ತಲುಪಿರುತ್ತದೆ. ಅವನು ನೋಡಿರುತ್ತಾನೆ. ಇವತ್ತು ಶುಕ್ರವಾರ, ನಾಳೆಯ ಬಸ್ಸಿಗಲ್ಲದಿದ್ದರೆ ನಾಡಿದ್ದಿನ ಬಸ್ಸಿಗೆ ಬರುತ್ತಾನೆ. ಮಾವನಿಗೆ ಎರಡು ಮುದ್ದೆ ಬಡಿಸಿ, ಉಪ್ಪಿನಕಾಯಿ ಹಾಕಿ, ಉಂಡು ಮುಗಿಯುವವರೆಗೆ ಎದುರಿಗೆ ಕೂತಿದ್ದಳು.

ಆ ವಾರ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಬಸ್ಸು ಬರುವ ಹೊತ್ತಿಗೆ ದೇವಮ್ಮ ಹೊಲದಲ್ಲಿದ್ದರೂ ಸೊಂಟ ನೆಟ್ಟಗೆ ಮಾಡಿ ರಸ್ತೆಯ ಕಡೆ ನೋಡುತ್ತಿದ್ದಳು. ಜೊತೆಯ ಆಳುಗಳಿಗೆ ಅದು ಗುರುತಾಗಿ, ನಿನ್ನ ಯಜಮಾನ ಬಸ್ಸಿನ ಚಕ್ರ ಎಣಿಸುತ್ತಾ ಬರುತ್ತಿದ್ದಾನೆ ಕಣೆ ಎಂದು ಚುಡಾಯಿಸಿದರು. ಗೌರಿ ಹಬ್ಬ ಬಂತು. ತವರಿನಲ್ಲಿದ್ದೂ ಅವಳಿಗೆ ಹಬ್ಬ ಅನ್ನಿಸಲಿಲ್ಲ. ಬೇರೆ ಹೆಣ್ಣುಮಕ್ಕಳು ಗಂಡನ ಮನೆಯಿಂದ ಬಂದು ಎರಡು ದಿನ ಇದ್ದು ಹೋದರು. ಬಂದವಳೂ ಅಲ್ಲ ಹೋಗುವವಳೂ ಅಲ್ಲ ಎಂಬಂತೆ ಇವಳೊಬ್ಬಳು ಉಳಿದಳು.

ಮಾಯಮ್ಮ ಒಂದು ದಿನ ಹಿಟ್ಟು ನಾದುತ್ತಾ ಕೇಳಿದಳು. "ಇಸ್ಕೂಲು ಮೇಷ್ಟ್ರ ಕೈಲಿ ಒಂದು ಕಾಗ್ದ ಬರ್ಸಿ ಆಕ್ಬಾರ್ದಾ? ನಿನ್ನ ಎಬ್ಬೆಟ್ಟೇ ಒತ್ತು."

"ನಾ ಬರ್ಸಲ್ಲ ಅತ್ಗೆ. ಕರುದ್ರೆ ಯಾರಾದ್ರೂ ಬತ್ತಾರೆ. ನಂದಲ್ಲ ಅಂತ ಅವನಿಗೇ ಗೊತ್ತಾಗ್ಬೇಕು."

ಮಾಯಮ್ಮ ಹಟಮಾರಿ ಎಂದು ಬಯ್ದಳು. ಹಟವೇ ಇರಬಹುದು. ಆದರೆ ಅವಳ ಬಳಿ ಅದೊಂದು ಬಿಟ್ಟು ಬೇರೆ ಆಸ್ತಿ ಇರಲಿಲ್ಲ.

ಇತ್ತ ಹೊಳೆನರಸೀಪುರದಲ್ಲಿ ಮಾರಮ್ಮನ ಭಾನುವಾರಗಳು ಕಷ್ಟದವಾಗಿದ್ದವು. ಹೆಬ್ಬೆಟ್ಟು ಒತ್ತಿ ಕಾರ್ಡು ಕಳಿಸಿದ ಮೇಲೆ ನಾಲ್ಕೈದು ದಿನ ಅವಳ ಜೀವ ಕೈಯಲ್ಲಿ. ಮೈಸೂರಿನ ರೈಲು ಕೂಗಿದರೆ ಬಾಗಿಲಿಗೆ ಬಂದು ನಿಲ್ಲುವಳು, ಟ್ರಂಕು ಹೊತ್ತು ಯಾರಾದರೂ ಬೀದಿಯ ತುದಿಯಲ್ಲಿ ತಿರುಗಿದರೆ ಅಂಗಳಕ್ಕಿಳಿದು ನೋಡುವಳು. ಯಾರೂ ಬರದಿದ್ದಾಗ ಒಳಗೆ ಹೋಗಿ ರಾಗಿ ಬೀಸಲು ಕೂರುವಳು. ಇಬ್ಬರು ಹಿಡಿದು ತಿರುವುತ್ತಿದ್ದ ಕಲ್ಲು ಒಬ್ಬಳಿಗೆ ಭಾರವಾಗಿತ್ತು. ಸುಬ್ಬಮ್ಮ ಎದುರು ಕೂತರೆ ಲಯ ಸೇರುತ್ತಿರಲಿಲ್ಲ. ದೇವಮ್ಮನ ಕೈಗೆ ತನ್ನ ಕೈ ಎಷ್ಟು ಒಗ್ಗಿತ್ತು ಎಂದು ಮಾರಮ್ಮನಿಗೆ ಆಗ ತಿಳಿಯಿತು, ತಿಳಿದದ್ದನ್ನು ಯಾರಿಗೂ ಹೇಳಲಿಲ್ಲ. ಪರೀಕ್ಷೆ ಮುಗಿಯಲಿ, ತಾನೇ ಹೋಗಿ ಕೈ ಹಿಡಿದು ಕರೆತರುತ್ತೇನೆ ಎಂದುಕೊಂಡಳು. ಅವಳ ಲೆಕ್ಕದಲ್ಲಿ ಎಲ್ಲಕ್ಕೂ ಪರೀಕ್ಷೆ ಮುಗಿಯಬೇಕಿತ್ತು.

ಬೆಂಗಳೂರಿನಿಂದ ಚಲುವಯ್ಯನ ಕಾರ್ಡುಗಳು ಬರುತ್ತಿದ್ದವು. ಕ್ಷೇಮ, ಓದುತ್ತಿದ್ದೇನೆ, ಅಪ್ಪ ಬಿಸಿಲಲ್ಲಿ ಹೆಚ್ಚು ದುಡಿಯದಿರಲಿ. ಸುಬ್ಬಮ್ಮ ಗಟ್ಟಿಯಾಗಿ ಓದಿ ಹೇಳುವಳು. ಮೊದಲೆಲ್ಲ ಕೊನೆಯ ಸಾಲು ದೇವಮ್ಮನಿಗೆ ಇರುತ್ತಿತ್ತು: ದೇವಮ್ಮ ಹೊತ್ತಿಗೆ ಸರಿಯಾಗಿ ಉಣ್ಣಲಿ, ದೇವಮ್ಮನಿಗೆ ಬಳೆ ತರುತ್ತೇನೆ, ಅಂಥದ್ದು. ಶ್ರಾವಣದ ಆ ಕಾರ್ಡು ಹೋದ ಮೇಲೆ ಬಂದ ಯಾವ ಕಾಗದದಲ್ಲೂ ಅವಳ ಹೆಸರಿರಲಿಲ್ಲ. ಸುಬ್ಬಮ್ಮ ಅದನ್ನು ಗಮನಿಸಿ ಒಂದು ದಿನ ಅವ್ವನಿಗೆ ಹೇಳಿದಳು. ಮಾರಮ್ಮನಿಗೆ ಸಂತೋಷವೇ ಆಯಿತು. ಓದಿನ ಮೇಲೆ ಮನಸ್ಸು ನಿಂತಿದೆ, ಹೆಂಡತಿಯನ್ನು ಮರೆತಿದ್ದಾನೆ, ಇನ್ನು ಪಾಸಾದ ಹಾಗೇ ಎಂದಳು. ಸುಬ್ಬಮ್ಮನಿಗೆ ಅದು ಬೇರೆ ರೀತಿ ಕಂಡಿತು, ಆದರೆ ಅವಳು ಬಾಯಿ ಬಿಡಲಿಲ್ಲ. ಚನ್ನರಾಯಪಟ್ಟಣ ಅವಳ ಬಾಯಿಗೆ ಅಡ್ಡ ಕೂತಿತ್ತು.

ಆಯುಧಪೂಜೆ ಕಳೆದು ಚಲುವಯ್ಯ ಕಲ್ಕತ್ತೆಗೆ ಹೋಗಿ ಬಂದ ಎಂಬ ಸುದ್ದಿಯನ್ನು ದ್ಯಾವಯ್ಯನೇ ಅರಕಲಗೂಡಿಗೆ ತಂದ. ಅಷ್ಟರಲ್ಲಿ ದೇವಮ್ಮ ಬಸ್ಸು ನೋಡುವುದನ್ನು ಬಿಟ್ಟಿದ್ದಳು. ಮನಸ್ಸಿಗೆ ಅವಳೇ ಒಂದು ಸಮಾಧಾನ ಮಾಡಿಕೊಂಡಿದ್ದಳು: ಅವನಿಗೆ ಗೊತ್ತಾಗಿಲ್ಲ. ಜಗಲಿಯ ಮೇಲೆ ಕೂರಿಸಿ ಏನೇನೋ ಹೇಳಿದನೇ ಹೊರತು ಆ ವಿದ್ಯೆ ಅವನಿಗೆ ಪೂರ್ತಿ ಹತ್ತಿಲ್ಲ. ಒಂದು ಬೆರಳಿಗೂ ಇನ್ನೊಂದು ಬೆರಳಿಗೂ ಫರಕು ಕಾಣದವನು ಆ ಬೋರ್ಡಿನ ಮುಂದೆ ಏನು ಹೇಳಿಯಾನು? ಫೇಲಾಗುತ್ತಾನೆ. ಹಾಸನದ ಬೀಟಿಗೆ ಬರುತ್ತಾನೆ. ಪೊಲೀಸ್ ಲೈನಿನಲ್ಲಿ ಒಂದು ಕೋಣೆ ಕೊಡುತ್ತಾರೆ, ಅಲ್ಲಿ ಇಬ್ಬರೇ ಇರುವುದು, ಬೆಳಗ್ಗೆ ಅವನಿಗೆ ರೊಟ್ಟಿ ತಟ್ಟಿ ಕಳಿಸುವುದು. ಯಾವ ದೇವರ ಮುಂದೆಯೂ ಹೇಳಿಕೊಳ್ಳಲಾಗದ ಹರಕೆ ಅದು. ಗಂಡ ಫೇಲಾಗಲಿ ಎಂದು ಬೇಡುವ ಹೆಂಡತಿಯನ್ನು ಯಾರೂ ಮೆಚ್ಚರು. ಅವಳು ಬೇಡಿದಳು. ಅವನು ದಡ್ಡನಾಗಿದ್ದರೆ ಅವಳು ಬೇಡವಾದವಳಲ್ಲ, ಇಷ್ಟೇ ಅವಳ ತರ್ಕ.

ರಾಗಿ ಕೊಯ್ಲು ಶುರುವಾದ ವಾರ ದ್ಯಾವಯ್ಯ ಮತ್ತೆ ಬಂದ. ಈ ಸಲ ಕೆಲಸ ಬಿಟ್ಟು ಬಸ್ಸಿನಲ್ಲೇ ಬಂದಿದ್ದ, ಒಗೆದ ಅಂಗಿ ಹಾಕಿದ್ದ, ಕೈಯಲ್ಲಿ ಅಚ್ಚುಬೆಲ್ಲವಿತ್ತು. ಅಂಗಳದಿಂದಲೇ ಮಾತು ಶುರು ಮಾಡಿದ.

"ಪಾಸಾದ ಕಣವ್ವ. ನಮ್ಮ ಕಡೆಯಿಂದ ಓಗಿದ್ದ ನಾಕು ಜನದಲ್ಲಿ ಪಾಸಾದೋನು ಇವನೊಬ್ನೇ ಅಂತೆ. ಬೆಟ್ಟು ಜೋಡ್ಸೋ ಪರೀಕ್ಸೇಲಿ ಒಂದೂ ತಪ್ಪು ಮಾಡಿಲ್ವಂತೆ."

ದೇವಮ್ಮ ಬೆಲ್ಲ ಕೈಗೆ ತೆಗೆದುಕೊಂಡಳು. "ಒಂದೂ ತಪ್ಪಿಲ್ವಾ ಮಾವ?"

"ಒಂದೂ ಇಲ್ವಂತೆ. ಸಾಯೇಬ್ರೇ ಬೆನ್ನು ತಟ್ಟಿದ್ರಂತೆ."

ಅವಳು ಹೊಸಿಲಿನ ಮೇಲೆ ಕೂತುಬಿಟ್ಟಳು. ಮುದುಕ ಅದನ್ನು ಸಂತೋಷ ಎಂದು ತಿಳಿದ. ಅವಳ ತಲೆ ಸವರಿ, ಭಾನುವಾರ ಬರುತ್ತಾನೆ, ನಿನ್ನನ್ನು ಕರೆದುಕೊಂಡೇ ಹೋಗುತ್ತಾನೆ, ಬೆಂಗಳೂರಿನಲ್ಲಿ ಮನೆಯನ್ನೂ ಕೊಡುತ್ತಾರಂತೆ ಎಂದು ಹೇಳಿ ಬೆಲ್ಲ ತಿನ್ನಿಸಿದ. ದೇವಮ್ಮ ತಿಂದಳು. ಮಾವ ಬಸ್ಸಿಗೆ ಹೋದ ಮೇಲೆ ಕುಡುಗೋಲು ತೆಗೆದುಕೊಂಡು ಹೊಲಕ್ಕೆ ಹೋಗಿ ಕತ್ತಲಾಗುವವರೆಗೆ ರಾಗಿ ಕೊಯ್ದಳು.

ಭಾನುವಾರ ಬೆಳಗಿನ ರೈಲಿಗೆ ಚಲುವಯ್ಯ ಹೊಳೆನರಸೀಪುರದಲ್ಲಿ ಇಳಿದ. ಸಣಕಲಾಗಿದ್ದ, ಕನ್ನಡಕ ಬಂದಿತ್ತು. ಕೇರಿಯವರು ಬಂದು ನೋಡಿ ಹೋದರು. ದೇವಮ್ಮ ಗೌರಿ ಹಬ್ಬಕ್ಕೆ ತವರಿಗೆ ಹೋದವಳು ಅಲ್ಲೇ ಉಳಿದುಕೊಂಡಳು ಎಂದು ಮಾರಮ್ಮ ಕಟ್ಟಿಟ್ಟುಕೊಂಡಿದ್ದ ಮಾತನ್ನು ಒಪ್ಪಿಸಿದಳು. ಅವನು ಎಂದು ಹೋದಳು, ಏಕೆ ಉಳಿದಳು ಎಂದು ಏನೂ ಕೇಳಲಿಲ್ಲ. ಕಾಫಿ ಕುಡಿದು, ಮಧ್ಯಾಹ್ನದ ಬಸ್ಸಿಗೆ ಹೋಗಿ ಕರೆದುಕೊಂಡು ಬರುತ್ತೇನೆ ಎಂದ. ಮಾರಮ್ಮನಿಗೆ ಬೆಟ್ಟದಂಥ ಭಾರ ಇಳಿಯಿತು. ಪಕ್ಕದ ಮನೆಯಿಂದ ಕೋಳಿ ತರಿಸಿದಳು.

ಅರಕಲಗೂಡಿನಲ್ಲಿ ದೇವಮ್ಮ ಗಂಡನಿಗೆ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಮುದ್ದೆ ಬಡಿಸಿ ಅವರೆಕಾಳಿನ ಸಾರು ಬಿಟ್ಟಳು. ಪಾಪಯ್ಯನೂ ಮಾಯಮ್ಮನೂ ಗಂಡ ಹೆಂಡತಿ ಮಾತಾಡಿಕೊಳ್ಳಲಿ ಎಂದು ಹೊಲದ ಕಡೆ ಹೋದರು. ಅವನು ಉಣ್ಣುತ್ತಾ ಬೆಂಗಳೂರಿನ ಮನೆಯ ಸಮಾಚಾರ ಹೇಳಿದ. ಎರಡು ಕೋಣೆ, ನಲ್ಲಿ ನೀರು, ಹಿಂದೆ ಒಂದು ನುಗ್ಗೆಮರ. ಅವನು ಕೈ ತೊಳೆಯುವವರೆಗೆ ಅವಳು ಕಾದಳು.

"ಸ್ರಾವಣದಲ್ಲಿ ಬಂದ ಕಾರ್ಡು ನೋಡಿದ್ಯಾ?"

ಅವನು ಸುಳ್ಳು ಹೇಳಬಹುದಿತ್ತು. ಕಪ್ಪು ಕಲಸಿಹೋಗಿತ್ತು, ಕಾಣಲಿಲ್ಲ ಎಂದರೆ ಸಾಕಿತ್ತು, ಅವಳು ನಂಬುತ್ತಿದ್ದಳು. ಚಲುವಯ್ಯ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದ.

"ನೋಡ್ದೆ. ಅವ್ವಂದು ಅಂತ ಗೊತ್ತಾಯ್ತು. ಅವತ್ತೇ ಸಿಟಿ ಸ್ಟೇಸನ್‌ಗೆ ಓಗಿ ಟಿಕೀಟು ತಗಂಡೆ. ರೈಲು ಬಂತು, ಅತ್ಲಿಲ್ಲ. ಓದ ವರ್ಸ ಓಡಿ ಬಂದೆ. ಬಂದು ಏನು ಮಾಡ್ದೆ ಏಳು? ಮಗೀನೂ ಉಳೀಲಿಲ್ಲ, ಪರೀಕ್ಸೇನೂ ಓಯ್ತು."

"ನಾ ಸತ್ತೋಗಿರ್ಬೋದು ಅಂತ ಅನ್ನಿಸ್ಲಿಲ್ವಾ?"

ಅವನು ಕನ್ನಡಕ ಮತ್ತೆ ಹಾಕಿಕೊಂಡ. "ಅನ್ನಿಸ್ತು."

"ಆಮೇಲೆ?"

"ಆಮೇಲೆ ಓದ್ಕಂಡೆ."

ದೇವಮ್ಮ ಅವನುಂಡ ತಟ್ಟೆ ತೆಗೆದು ಹೊರಗಿಟ್ಟಳು. ನೆಲ ಸಾರಿಸಿದಳು. ಅವಳಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದುರಿಗೆ ಕೂತಿರುವವನು ತನಗಿಂತ ಒಂಟಿಯಾಗಿ ಆ ಮೂರು ತಿಂಗಳು ಕಳೆದಿದ್ದಾನೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ತಿಳಿದರೇನು, ಇವಳು ಬದುಕಿದ್ದಾಳೋ ಇಲ್ಲವೋ ಎಂದು ಗೊತ್ತಿಲ್ಲದೆ ಪಾಠ ಒಪ್ಪಿಸಿ ಬಂದವನ ಪಕ್ಕದಲ್ಲಿ ಇನ್ನು ಮಲಗುವುದು ಅವಳಿಂದ ಆಗುವ ಹಾಗಿರಲಿಲ್ಲ.

"ನೀ ಪೇಲಾಗಿದ್ರೆ ಬತ್ತಿದ್ದೆ," ಎಂದಳು. "ನಿಂಗೆ ಗೊತ್ತಾಗಿಲ್ಲ ಅಂದ್ಕಂಡು ಬತ್ತಿದ್ದೆ. ಈಗ ನೀ ಓಗು, ನಾಕು ಗಂಟೆ ಬಸ್ಸು ಐತೆ."

ಅವನು ಕಾರಣ ಹೇಳಿದ, ಮನೆ ಹೇಳಿದ, ಸಂಬಳ ಹೇಳಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು, ಒಂದಕ್ಕೂ ಎದುರಾಡಲಿಲ್ಲ. ಬಸ್ಸಿನ ಹೊತ್ತಾದಾಗ ರಾಗಿಯ ಹೊಲಕ್ಕೆ ಹೊರಟಳು, ಅವನು ಬಸ್ಸಿನ ಕಡೆ ಹೊರಟ.

ಸಂಜೆ ಅವನು ಮನೆಗೆ ಬಂದಾಗ ದೀಪ ಹಚ್ಚಿತ್ತು. ಕೋಳಿಸಾರು ಕುದಿದು ಬೀದಿಗೆಲ್ಲ ಪರಿಮಳ ಬಂದಿತ್ತು. ಮಾರಮ್ಮ ಬಾಗಿಲಿಗೆ ಬಂದು ಮಗನ ಹಿಂದೆ ನೋಡಿದಳು, ಯಾರೂ ಇರಲಿಲ್ಲ. ಬಸ್ಸಿನಲ್ಲಿ ಜಾಗ ಸಿಗಲಿಲ್ಲವೇನೋ, ನಾಳೆ ಬರುತ್ತಾಳೆ ಎಂದು ತಾನೇ ಹೇಳಿಕೊಂಡು ಎಲ್ಲರಿಗೂ ತಟ್ಟೆ ಇಟ್ಟಳು. ಅಪ್ಪನೂ ಮಗನೂ ಉಣ್ಣಲು ಕೂತರು. ಸುಬ್ಬಮ್ಮ ನೀರು ತಂದಿಟ್ಟಳು.

"ನಾಳೆ ಬತ್ತಾಳಾ?" ಮಾರಮ್ಮ ಕೇಳಿದಳು.

"ಬರಲ್ಲ ಅವ್ವ. ಕಾರ್ಡಿನ ಎಬ್ಬೆಟ್ಟು ನಿಂದು ಅಂತ ನಂಗೆ ಮೊದ್ಲೇ ಗೊತ್ತಿತ್ತು, ಅದಕ್ಕೆ."

ಮಾರಮ್ಮ ಸೌಟು ಹಿಡಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಸುಬ್ಬಮ್ಮ ಗೋಡೆಯ ಕಡೆ ತಿರುಗಿದಳು. ಯಾವ ಕಾರ್ಡಿನಲ್ಲಿ ಗೊತ್ತಾಯಿತು ಎಂದು ಮಾರಮ್ಮ ಕೇಳಿದಳು. ಮೊದಲನೆಯದರಲ್ಲೇ ಎಂದು ಮಗ ಹೇಳಿದ. ಮಾರಮ್ಮನ ಮುಖದಲ್ಲಿ ಒಂದು ಗಳಿಗೆ, ಒಂದೇ ಗಳಿಗೆ, ಹೆಮ್ಮೆಯಂಥದ್ದು ಕಂಡಿತು. ಇಷ್ಟು ಚೆನ್ನಾಗಿ ಕಲಿತಿದ್ದಾನಲ್ಲ ಎಂಬ ಹೆಮ್ಮೆ. ಆಮೇಲೆ ಅದು ಇಳಿಯಿತು. ರೈಲು ಕೂಗಿದಾಗಲೆಲ್ಲ ಬಾಗಿಲಿಗೆ ಓಡಿದ್ದು, ಮಗ ಬಂದೇಬಿಡುತ್ತಾನೆಂದು ಮೂರು ತಿಂಗಳು ಹೆದರಿದ್ದು ಅವಳಿಗೆ ನೆನಪಾಯಿತು. ಅವಳು ಹೆದರಿದ್ದ ಆ ಮಗ ಇವನಲ್ಲ.

"ಗೊತ್ತಿದ್ದೂ ಬರ್ಲಿಲ್ವಾ?"

ಚಲುವಯ್ಯ ಮುದ್ದೆ ಮುರಿದ.

"ಅಂಗಾದ್ರೆ ನಾ ಸುಳ್ಳು ಆಡೋದೇ ಬೇಕಿರ್ಲಿಲ್ವಲ್ಲಪ್ಪ," ಎಂದಳು ಮಾರಮ್ಮ.

ದ್ಯಾವಯ್ಯ ಅರ್ಧ ಉಂಡ ತಟ್ಟೆಗೆ ಕೈ ತೊಳೆದು ಎದ್ದ. ಚಲುವಯ್ಯನ ತಟ್ಟೆಯಲ್ಲಿ ಸಾರು ಮುಗಿದಿತ್ತು. ಮಾರಮ್ಮ ಸೌಟು ಹಿಡಿದು ಅಲ್ಲೇ ನಿಂತಿದ್ದಳು, ಇನ್ನೊಂದಿಷ್ಟು ಬಿಡಲೇ ಎಂದು ಕೇಳಲಿಲ್ಲ.